ಬಾವಿಕಟ್ಟೆಯ ಮೇಲಿನ ಮಗು

ಗೆಲ್ಲುವುದೇ ಎಲ್ಲಕ್ಕಿಂತ ದೊಡ್ಡದು ಅಂದುಕೊಂಡವರು ಇದನ್ನು ಕೊನೆಯವರೆಗೂ ಓದಬೇಕು...

ಹುಬ್ಬಳ್ಳಿಯಲ್ಲಿ ಡೈವೋರ್ಸ್ ಕೇಸ್ ಅಂದರೆ ವಕೀಲೆ ಇಂದುಮತಿ ಹಂಚಿನಾಳ. ಅವರು ಕೋರ್ಟಿನಲ್ಲಿ ಎದ್ದು ನಿಂತರೆ ಸಾಕು, ಎದುರು ಪಾರ್ಟಿಯವರ ಬಾಯಿ ಒಣಗುತ್ತಿತ್ತು.

ಕಕ್ಷಿದಾರರು ಹೇಳಿದ್ದಕ್ಕೆ ಸ್ವಲ್ಪ ಉಪ್ಪು ಖಾರ ಹಚ್ಚಿ ಅರ್ಜಿ ಬರೆಯುವುದು ಅವರ ಪದ್ಧತಿ. "ಇದ್ದದ್ದಷ್ಟ ಬರದ್ರ ಜಡ್ಜ್ ಸಾಹೇಬ್ರಿಗೆ ನಿದ್ದಿ ಬರ್ತೈತಿ" ಎಂದು ಜೂನಿಯರ್‌ಗಳ ಮುಂದೆ ನಗುತ್ತಿದ್ದರು.

ಒಂದು ಸಂಜೆ ದಾನೇಶ್ವರಿ ಎಂಬ ಯುವತಿ ಅವರ ಆಫೀಸಿಗೆ ಬಂದಳು. ಕಂಕುಳಲ್ಲಿದ್ದ ಪುಟ್ಟ ಮಗಳು ಅಮ್ಮನ ತಾಳಿಸರ ಹಿಡಿದು ಎಳೆಯುತ್ತಿದ್ದಳು.

"ನಮ್ಮಪ್ಪ ಕಳಿಸ್ಯಾರ್ರೀ ಮೇಡಂ. ಅವರ ಡೈವೋರ್ಸ್ ಕೇಸೂ ನೀವ ನಡಸಿದ್ರಂತ. ನಾ ಆವಾಗ ಸಣ್ಣಾಕಿ."

ಇಂದುಮತಿಗೆ ಖುಷಿಯಾಯಿತು. ಗೆದ್ದ ಕೇಸಲ್ಲವೇ...

"ಕುಂದ್ರವಾ. ಗಂಡ ಬಡೀತಾನೇನು?"

"ಇಲ್ರೀ. ಹೊಂದಾಣಿಕಿ ಇಲ್ಲ, ಅಷ್ಟ. ಬಿಡೂದು ಅಂತ ಇಬ್ಬರೂ ಒಪ್ಪೇವಿ."

"ಹಂಗಾರ ನಿನಗ ಕೂಸಿನ ಕಸ್ಟಡಿ ಬೇಕು. ಹೌದಿಲ್ಲೋ?"

ದಾನೇಶ್ವರಿ ತಲೆ ತಗ್ಗಿಸಿದಳು. "ಬ್ಯಾಡ್ರಿ. ಕೂಸು ಅವರ ಹಂತ್ಯಾಕ ಇರ್ಲಿ. ನಾ ನೋಡಾಕೂ ಬರಂಗಿಲ್ಲ ಅಂತ ಬರೀರಿ."

ಇಷ್ಟು ವರ್ಷಗಳಲ್ಲಿ ಹೀಗೆ ಹೇಳಿದ ತಾಯಿಯನ್ನು ಇಂದುಮತಿ ಕಂಡಿರಲಿಲ್ಲ. ಬಾಯಿ ಬೇಡ ಅನ್ನುತ್ತಿತ್ತು, ಕೈ ಮಾತ್ರ ಮಗುವಿನ ಬೆನ್ನು ಸವರುತ್ತಲೇ ಇತ್ತು.

"ಯಾಕವಾ?"

"ನನ್ನ ಮೈಯಾಗ ನಮ್ಮವ್ವನ ರಕ್ತ ಐತ್ರೀ... ನಾ ಸಣ್ಣಾಕಿದ್ದಾಗ ಆಕಿ ನನ್ನ ಬಾವಿಕಟ್ಟಿ ಮ್ಯಾಲ ಕುಂದ್ರಿಸಿ ಸಿನಿಮಾಕ್ಕ ಹೋಗಿದ್ಳು. ನನಗ ಎಲ್ಲಾ ನೆನಪೈತಿ. ಕಲ್ಲು ತಣ್ಣಗಿತ್ತು... ಒಳಗ ನೀರು ಕರ್ರಗ ಕಾಣ್ತಿತ್ತು."

ಅವಳು ಮಗುವಿನ ಮುಖ ನೋಡಿದಳು. "ಈಗ ಕೂಸು ಹಟ ಮಾಡಿದ್ರ ನನಗ ಸಿಟ್ಟು ಬರ್ತೈತಿ. ನಾನೂ ಒಂದಿನ ಹಂಗ ಮಾಡಿದ್ರ?"

ಇಂದುಮತಿಯ ಪೆನ್ನು ನಿಂತುಬಿಟ್ಟಿತು.

ಬಾವಿಕಟ್ಟೆ... ಸಿನಿಮಾ...

ಅದನ್ನು ಬರೆದವರು ಅವರೇ!

ಅಂದು ದಾನೇಶ್ವರಿಯ ಅಪ್ಪ ಇದೇ ಕುರ್ಚಿಯಲ್ಲಿ ಕೂತು, "ಆಕಿ ಕೂಸನ್ನ ಚಲೋನ ನೋಡ್ಕೋತಾಳ್ರೀ. ಆದ್ರ ಕೂಸು ನನಗ ಬೇಕು" ಅಂದಿದ್ದ. ಚೆನ್ನಾಗಿ ನೋಡಿಕೊಳ್ಳುವ ತಾಯಿಯಿಂದ ಮಗುವನ್ನು ಬಿಡಿಸುವುದು ಹೇಗೆ? ಇಂದುಮತಿ ಒಂದು ಬಾವಿ ಹುಟ್ಟಿಸಿದರು, ಒಂದು ಸಿನಿಮಾ ಸೇರಿಸಿದರು.

ಜಡ್ಜ್ ಮಗುವನ್ನು ಹತ್ತಿರ ಕರೆದು ವಿಚಾರಿಸುತ್ತಾರೆ ಎಂದು ಅವರಿಗೆ ಗೊತ್ತಿತ್ತು. "ದಿನಾ ಮಲಗೂ ಮುಂದ ಕಥಿ ಹೇಳ್ದಂಗ ಇದನ್ನ ಹೇಳ್ರಿ" ಎಂದು ಅಪ್ಪನಿಗೆ ಹೇಳಿಕೊಟ್ಟವರೂ ಅವರೇ.

ಮಗು ಗಿಣಿಯಂತೆ ಒಪ್ಪಿಸಿತು. ಕೇಸ್ ಗೆದ್ದರು... ಪೇಡೆ ಹಂಚಿದರು... ಬರೆದ ಸುಳ್ಳನ್ನು ಮರೆತರು.

ಆ ಮಗು ಮಾತ್ರ ಇನ್ನೂ ಬಾವಿಕಟ್ಟೆಯ ಮೇಲೆಯೇ ಕೂತಿತ್ತು.

"ನಿಮ್ಮವ್ವ ಈಗ...?" ಕೇಳಲೂ ಭಯವಾಯಿತು.

"ನೋಡಾಕ ಬಂದ್ರ ನಾ ಚೀರಿ ಓಡಿಹೋಗ್ತಿದ್ದೆ. ಆಮ್ಯಾಲ ಬರೂದ ಬಿಟ್ಟಳು. ಹೋದ ವರ್ಷ ತೀರ್ಕೊಂಡ್ಳು. ಅಂಜಿಕೊಂಡು ಮಣ್ಣಿಗೂ ನಾ ಹೋಗಲಿಲ್ರಿ."

ಸುಮ್ಮನಿದ್ದರೆ ಇಂದುಮತಿಯ ಹೆಸರು ಉಳಿಯುತ್ತಿತ್ತು. ಆದರೆ ಎದುರಿಗಿದ್ದ ಈ ಪುಟ್ಟ ಮಗುವೂ ತಾಯಿಯನ್ನು ಕಳೆದುಕೊಳ್ಳುತ್ತಿತ್ತು.

"ದಾನೇಶ್ವರಿ... ನಿಮ್ಮವ್ವ ಹಂಗ ಮಾಡಿಲ್ಲ. ಕೇಸ್ ಗೆಲ್ಲಾಕ ನಾನ ಹುಟ್ಟಿಸಿ ಬರದೆ. ನೀ ಯಾವ ಬಾವಿಕಟ್ಟಿ ಮ್ಯಾಲೂ ಕುಂತಿಲ್ಲ."

"ಸುಳ್ಳು! ಆ ಕಲ್ಲು ನನಗ ಈಗೂ ತಣ್ಣಗ ಹತ್ತತೈತ್ರೀ..."

"ಸುಳ್ಳು ಹೇಳಿದ್ದು ಆವಾಗವಾ. ಈಗಲ್ಲ."

ಮಲಗುವ ಮುನ್ನ ಅಪ್ಪ ದಿನಾ ಹೇಳುತ್ತಿದ್ದ ಕಥೆ ಅವಳಿಗೆ ನೆನಪಾಯಿತು. ಕೊನೆಗೆ ದಾನೇಶ್ವರಿ ಕೇಳಿದಳು... "ನಾ ಹಂಗ ಹೇಳಿದಾಗ ನಮ್ಮವ್ವ ಏನಂದ್ಳು?"

ಇಂದುಮತಿಯ ಕಣ್ಣು ತುಂಬಿತು. "ಆಕಿ ವಕೀಲರು ಕೂಸನ್ನ ಮತ್ತೊಮ್ಮೆ ಕೇಳ್ರಿ ಅಂದ್ರು. ನಿಮ್ಮವ್ವ ಕೈ ಮುಗದು... 'ಬ್ಯಾಡ್ರಿ ಸಾಹೇಬ್ರ, ನನ್ನ ಕೂಸು ಅಂಜಾಕತ್ತೈತಿ. ಆಕಿ ಹೇಳಿದ್ದ ಖರೇ ಅಂತ ಬರ್ಕೋರಿ' ಅಂದ್ಳು."

ದಾನೇಶ್ವರಿ "ಅವ್ವಾ..." ಎಂದು ಕೂಗಿದ ಕೂಗಿಗೆ ಹೊರಗಿದ್ದ ಜೂನಿಯರ್‌ಗಳು ಓಡಿ ಬಂದರು.

ಅತ್ತು ಅತ್ತು ಸಾಕಾದ ಮೇಲೆ ಅವಳು ಎದ್ದು ನಿಂತಳು. ಮಗುವನ್ನು ಎದೆಗೆ ಅವಚಿಕೊಂಡಳು.

"ನಿಮ್ಮನ್ನ ನಾ ಕ್ಷಮಿಸಂಗಿಲ್ರಿ. ನನ್ನ ಕೂಸನ್ನೂ ಯಾರಿಗೂ ಕೊಡಂಗಿಲ್ಲ."

ಹೇಳಿ ಹೊರಟುಹೋದಳು...

ಈಗ ಇಂದುಮತಿ ಅರ್ಜಿ ಬರೆಯುವ ಮುನ್ನ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳುತ್ತಾರೆ. "ಇದನ್ನ ನಿಮ್ಮ ಕೂಸು ಸಾಯೂತನಕ ನಂಬಿದ್ರ ನಡೀತೈತೇನು?"

ಎಷ್ಟೋ ಜನ ಎದ್ದು ಬೇರೆ ವಕೀಲರ ಹತ್ತಿರ ಹೋಗುತ್ತಾರೆ. ಅವರು ತಡೆಯುವುದಿಲ್ಲ.

*ಕೋರ್ಟು ಮರೆತುಬಿಟ್ಟ ಸುಳ್ಳನ್ನು ಮಗು ಜೀವನವಿಡೀ ನಂಬಿಕೊಂಡೇ ಇರುತ್ತದೆ.*

ಸಿಟ್ಟಿನ ಭರದಲ್ಲಿ ನಾವು ಯಾರ ಬಗ್ಗೆ, ಯಾವ ಮಗುವಿನ ಕಿವಿಗೆ, ಏನು ಹಾಕುತ್ತಿದ್ದೇವೆ... ಒಮ್ಮೆ ಯೋಚಿಸೋಣವೇ?