ಮುಳ್ಳು ಇಳಿದ ದಿನ

"ತೊಂಬತ್ತು ಅಂದ್ರೆ ಮೇಲಿನದ್ದಾ, ಕೆಳಗಿನದ್ದಾ?" ತಾಯಿ ಅಡುಗೆಮನೆಯಿಂದಲೇ ಕೇಳಿದಳು.

"ಮೇಲಿನದ್ದೇ ಅಮ್ಮಾ." ಮಗಳು ಅಪ್ಪನ ತೋಳಿಗೆ ಸುತ್ತಿದ್ದ ಬಿಪಿ ಯಂತ್ರದ ಪಟ್ಟಿ ಬಿಚ್ಚದೆ ಇನ್ನೊಮ್ಮೆ ಗುಂಡಿ ಒತ್ತಿದಳು. ಮತ್ತೆ ಅಷ್ಟೇ ಬಂತು.

ತಾಯಿ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಎಷ್ಟು ಮಾತ್ರೆ ನುಂಗಿದರೂ ನೂರಾ ಎಪ್ಪತ್ತರಿಂದ ಕೆಳಗಿಳಿಯದೆ ವರ್ಷಗಟ್ಟಲೆ ಅವಳ ನಿದ್ದೆ ಕೆಡಿಸಿದ್ದ ಬಿಪಿ ಅದು. "ಅಂತೂ ಇಳೀತಲ್ಲಪ್ಪ," ಎಂದು ಅಲ್ಲೇ ಗೋಡೆಗೆ ಒರಗಿ ನಿಂತಳು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದಿತ್ತು.

ಗಂಡ ದೊಡ್ಡದೊಂದು ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಸೌದೆ ಹಾಕುವುದು, ಹಬೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದ ಹಾಗೆ ಕಾಯುವುದು, ಇಷ್ಟೇ ಕೆಲಸ. ಮನೆಯಲ್ಲೂ ಅದೇ ಭಾಷೆ. ಬಿಪಿ ಏರಿದರೆ ಮುಳ್ಳು ಏರಿತು ಎನ್ನುತ್ತಿದ್ದರು. ಏರಿದೆಯೆಂದು ತಿಳಿಯಲು ಯಂತ್ರವೇನೂ ಬೇಕಿರಲಿಲ್ಲ. ಚಹಾ ಆರಿದೆ, ಬಾಗಿಲು ಕಿರುಗುಟ್ಟುತ್ತೆ, ಪಕ್ಕದ ಮನೆಯವನು ಕೆಮ್ಮುತ್ತಾನೆ ಎಂದು ಯಾವುದಾದರೂ ಒಂದಕ್ಕೆ ಹಾರಾಡುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಜಗಳ ಉಪ್ಪಿನದು. ಡಾಕ್ಟರು ಉಪ್ಪು ಬಿಡಿ ಎಂದ ದಿನವೇ ಹೆಂಡತಿ ಉಪ್ಪಿನ ಡಬ್ಬಿಗೆ ಬೀಗ ಜಡಿದು ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. "ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ. ನಂಗೆ ಎರಡೂ ಇಲ್ಲ," ಎಂದು ಅವನು ದಿನಾ ತಟ್ಟೆಯ ಮುಂದೆ ಕೂತು ಗೊಣಗುತ್ತಿದ್ದ.

ಈ ದಿನ ಮಾತ್ರ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದ. ಬೆಳಿಗ್ಗೆಯಿಂದ ಎದೆಯಲ್ಲಿ ಗ್ಯಾಸ್ ತುಂಬಿದ ಹಾಗಿದೆ, ದವಡೆ ಬೇರೆ ಹಿಡಿದುಕೊಂಡಿದೆ ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಸಿದಿದ್ದ. ಹೆಂಡತಿ ಗಡಿಬಿಡಿಯಲ್ಲಿ ಆರಿದ ಚಹಾವನ್ನೇ ಮುಂದಿಟ್ಟರೂ ಬೈಯಲಿಲ್ಲ.

"ಅಮ್ಮಾ, ಕೈಯೆಲ್ಲ ತಣ್ಣಗಿದೆ. ಬೆವರ್ತಾ ಬೇರೆ ಇದಾರೆ. ಆಸ್ಪತ್ರೆಗೆ ಹೋಗಿಬಿಡೋಣ."

"ತಣ್ಣಗಿದ್ರೆ ಒಳ್ಳೇದಲ್ವೇನೇ. ಇಷ್ಟು ವರ್ಷ ಕೆಂಡದ ಹಾಗಿದ್ರು. ಬಾಯ್ಲರ್ ಮುಂದಿಂದ ಎದ್ದು ಬಂದೋರು ಬೆವರದೆ ಇರ್ತಾರಾ?"

"ನಿಮ್ಮಮ್ಮ ಹೇಳೋದೇ ಸರಿ ಕಣಮ್ಮ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಮುಳ್ಳು ಮೇಲೆ ಹೋದ್ರೆ ಸಿಡಿಯೋದು. ಕೆಳಗಿದ್ದು ಯಾರೂ ಸತ್ತಿದ್ದು ನಾನು ನೋಡಿಲ್ಲ."

ಹೆಂಡತಿಯ ಮಾತು ಸರಿ ಎಂದು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅಷ್ಟಕ್ಕಾದರೂ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು. ಕೊರಳಿನ ದಾರ ಎಳೆದು ಡಬ್ಬಿಯ ಬೀಗ ತೆಗೆದಳು. ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ ಮೇಲೆ ಧಾರಾಳವಾಗಿ ಉಪ್ಪು ಉದುರಿಸಿ ತಂದಿಟ್ಟಳು. "ತಗೊಳ್ಳಿ, ಇವತ್ತು ನಿಮ್ದೇ ರಾಜ್ಯ."

ಅವನು ಕಣ್ಣು ತೆರೆದು ನೋಡಿದ. "ಆಮೇಲೆ ತಿಂತೀನಿ. ಸ್ವಲ್ಪ ಮಲಗ್ತೀನಿ," ಎಂದ. ಅವಳು ಹೊದಿಕೆ ಹೊದಿಸಿ ಕಿಟಕಿ ಮುಚ್ಚಿದಳು. ಮಗಳು ಕೋಣೆಯ ಬಾಗಿಲಿಗೆ ಬಂದಾಗಲೆಲ್ಲ, "ಎಬ್ಬಿಸ್ಬೇಡ ಕಣೇ, ಇಷ್ಟು ತಣ್ಣಗೆ ಮಲಗಿ ಯಾವ ಕಾಲವಾಯ್ತೋ," ಎಂದು ಗದರಿದಳು. ಊಟದ ಹೊತ್ತಿಗೆ ಮಗಳು ತಡೆಯಲಾರದೆ ಒಳಗೆ ಹೋಗಿ ಪಟ್ಟಿ ಸುತ್ತಿದಳು. ಯಂತ್ರ ಗುರ್ರೆಂದು ತೋಳನ್ನು ಹಿಂಡಿ ಸುಮ್ಮನಾಯಿತು, ಅಂಕಿಯೇ ಬರಲಿಲ್ಲ. ಅಪ್ಪನ ತುಟಿ ನೀಲಿಗಟ್ಟಿತ್ತು. ಅವಳು ಅಮ್ಮನನ್ನು ಕೇಳದೆ ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಬೆಳಿಗ್ಗೆಯೇ ಹಾರ್ಟ್ ಅಟ್ಯಾಕ್ ಆಗಿದೆ," ಎಂದರು ಆಸ್ಪತ್ರೆಯ ಡಾಕ್ಟರು. "ಹೃದಯಕ್ಕೆ ರಕ್ತ ತಳ್ಳೋ ಶಕ್ತಿ ಹೋಗಿದೆ, ಅದಕ್ಕೇ ಬಿಪಿ ಬಿದ್ದಿರೋದು. ಮೈಗೆಲ್ಲ ರಕ್ತ ಸಾಲ್ತಾ ಇಲ್ಲ. ಇದಕ್ಕೆ ಶಾಕ್ ಅಂತೀವಿ."

"ಅಂದ್ರೆ ಅದು ವಾಸಿಯಾಗಿ ಇಳಿದದ್ದಲ್ವಾ?" ಹೆಂಡತಿ ಕೇಳಿದಳು.

"ಅಲ್ಲಮ್ಮ. ಯಾವಾಗ್ಲೂ ನೂರೆಪ್ಪತ್ತು ಇರೋರಿಗೆ ಹೀಗೆ ಇದ್ದಕ್ಕಿದ್ದ ಹಾಗೆ ತೊಂಬತ್ತು ಬಂತು ಅಂದ್ರೆ, ಅದೂ ಬೆವರು ಬರ್ತಿದ್ರೆ, ತಕ್ಷಣ ಓಡಿ ಬರಬೇಕು. ಈಗ ಬಿಪಿ ಏರಿಸೋಕೆ ಡ್ರಿಪ್ಪಲ್ಲಿ ಔಷಧಿ ಕೊಡ್ತಾ ಇದ್ದೀವಿ. ಏರಲಿ, ನೋಡೋಣ."

ಡಾಕ್ಟರು ಹೋದ ಮೇಲೆ ಅವಳು ಮಗಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಬೆಂಕಿ ಆರಿದ್ರೂ ಮುಳ್ಳು ಇಳಿಯುತ್ತಲ್ವೇನೇ," ಎಂದಳು. ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಅವರನ್ನು ಐಸಿಯು ಒಳಗೆ ಬಿಟ್ಟಾಗ ಮಂಚದ ಪಕ್ಕದ ಮಾನಿಟರಿನಲ್ಲಿ ಮೇಲಿನ ಬಿಪಿ ಅರವತ್ತೆಂಟು ಇತ್ತು. ಇಳಿಯಲಿ ಇಳಿಯಲಿ ಎಂದು ವರ್ಷಗಟ್ಟಲೆ ಬೇಡಿಕೊಂಡವಳು ಅದನ್ನೇ ನೋಡುತ್ತ ಏರು ಏರು ಎಂದು ಬೇಡಿಕೊಂಡಳು. ಅದು ಅಲುಗಲಿಲ್ಲ. ಅವಳು ಗಂಡನ ಕಿವಿಯ ಹತ್ತಿರ ಬಗ್ಗಿದಳು. ಕೊರಳಿನ ದಾರ ಜಾರಿ ಬೀಗದ ಕೈ ಅವನ ಭುಜಕ್ಕೆ ತಗುಲಿತು.

"ರೀ, ಬೆಳಿಗ್ಗೆ ಆರಿದ ಚಹಾ ಕೊಟ್ಟೆ ನಾನು," ಎಂದಳು. "ಬೈರಿ. ಒಂದ್ಸಲ ಬೈರಿ."

ಮಾನಿಟರಿನಲ್ಲಿ ಅರವತ್ತೆಂಟು ಅರವತ್ತೈದಾಯಿತು.