ಕಂಬಳಿ ಹೊದ್ದ ಟಿವಿ

ಟಿವಿಗೆ ಹೊದಿಸಿದ್ದ ಕಂಬಳಿಯ ಒಳಗಿನಿಂದ ನಲವತ್ತು ಜನ ಹಾಡುತ್ತಿದ್ದರು. ಉಮ್ಲಾಜಿ ಎಂಬ ಊರಿನ ಆ ಮನೆಯಲ್ಲಿ ನೆಲದ ಹಾಸಿಗೆಯ ಮೇಲೆ ಕೂತಿದ್ದ ಥಾಂಡಜಿಲೆ ಅಷ್ಟು ದನಿಗಳ ನಡುವೆ ಮಗಳ ದನಿಯನ್ನು ಹುಡುಕುತ್ತಿದ್ದಳು. ಮಗಳು ನೊಕುಬೊಂಗಾ ತೀರಿಕೊಂಡು ಮೂರು ದಿನವಾಗಿತ್ತು. ಅವಳ ಚರ್ಚಿನ ಗಾಯನವೃಂದದ ಕಛೇರಿಯ ಡಿವಿಡಿ ಇವತ್ತು ಬಂದಿತ್ತು. ಸತ್ತವರ ಮಣ್ಣಾಗುವವರೆಗೆ ಮನೆಯ ಟಿವಿ, ಕನ್ನಡಿ ಮುಚ್ಚಿರಬೇಕು ಎಂಬುದು ಅವರ ರೂಢಿ. "ದೇವರ ಹಾಡು, ಕೇಳಿಸ್ಕೊ. ನೋಡೋ ಹಾಗಿಲ್ಲ," ಎಂದಿದ್ದಳು ಗಂಡನ ಅಕ್ಕ ಬಾಥೊಬಿಲೆ.

"ಸಿಕ್ಕಿದ್ಲಾ?"

"ಇಲ್ಲ ಅತ್ತಿಗೆ. ಹೆತ್ತೋಳಿಗೇ ಗೊತ್ತಾಗ್ತಿಲ್ಲ."

"ಗೊತ್ತಾಗ್ದೆ ಏನು? ಬಚ್ಚಲಲ್ಲಿ ಹಾಡಿ ಇಡೀ ಬೀದಿ ಎಬ್ಬಿಸ್ತಿದ್ದೋಳು!"

ಡಿವಿಡಿ ತಂದಿದ್ದ ಮಗಳ ಗೆಳತಿ ಲಿಂಡೆಲ್ವಾ ತಲೆ ತಗ್ಗಿಸಿದಳು. "ಅಮ್ಮಾ, ಅವಳ ದನಿ ಇದ್ರಲ್ಲಿಲ್ಲ. ಕಛೇರಿ ದಿನ ಮೈಕು ಕೈಕೊಡ್ತು ಅಂತ ಹೋದ ತಿಂಗಳು ಸ್ಟುಡಿಯೋದಲ್ಲಿ ನಮ್ಮ ಹತ್ರ ಮತ್ತೆ ಹಾಡಿಸಿದ್ರು. ಆಗ ಅವಳು ಆಸ್ಪತ್ರೇಲಿದ್ಲು. ಚಿತ್ರ ಮಾತ್ರ ಅವತ್ತಿಂದು."

ಥಾಂಡಜಿಲೆಗೆ ಅಳು ಬರಲಿಲ್ಲ. ಬಾಥೊಬಿಲೆ ಎದ್ದು, ಯಾರ ಮುಖವನ್ನೂ ನೋಡದೆ, ಕಂಬಳಿಯನ್ನು ಎಳೆದು ಹಾಕಿದಳು. ಎರಡನೇ ಸಾಲಿನಲ್ಲಿ ನೊಕುಬೊಂಗಾ ಕಣ್ಣು ಮುಚ್ಚಿ, ಬೇರೆಯವರ ದನಿಗಳಿಗೆ ಬಾಯಿ ತೆರೆಯುತ್ತಿದ್ದಳು.

"ಸದ್ದು ಪೂರ್ತಿ ನಿಲ್ಲಿಸ್ಬಿಡೇ ಲಿಂಡೆಲ್ವಾ," ಎಂದಳು ಥಾಂಡಜಿಲೆ. "ಅವಳು ಹಾಡ್ಲಿ."