ಹಳದಿ ಕಾರು, ಬೆಳ್ಳಿ ಕಾರು

ಎರಡು ಕಾರುಗಳನ್ನು ಬ್ರಹ್ಮಾವರದ ಮನೆಯ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಸುಧಾಕರ ಶೆಟ್ಟರು ಎರಡರ ಕೀಲಿಯನ್ನೂ ಭೋಜರಾಜನ ಕೈಗೆ ಕೊಟ್ಟರು. ಒಂದು ಅವನಿಗೆ, ಯಾವುದೆಂದು ಅವನೇ ಆರಿಸಬೇಕು. ಮುಂಬಯಿಯ ಹೋಟೆಲು ಮುಚ್ಚಿ ಊರು ಸೇರಿದ್ದ ಶೆಟ್ಟರಿಗೆ ಈಗ ಎಪ್ಪತ್ತೆರಡು, ವೇಗದ ಕಾರುಗಳ ಹುಚ್ಚು ಇಳಿದಿತ್ತು. ಅಲ್ಲಿ ಇಪ್ಪತ್ತೊಂಬತ್ತು ವರ್ಷ ಅವರ ಕಾರು ಓಡಿಸಿದ ಭೋಜರಾಜನೂ ಅವರೊಂದಿಗೇ ಕೆಲಸ ಮುಗಿಸಿ ಹೆಮ್ಮಾಡಿಯ ಮನೆಗೆ ಬಂದು ಒಂದು ತಿಂಗಳಾಗಿತ್ತು.

ಎರಡೂ ಸ್ಪೋರ್ಟ್ಸ್ ಕಾರುಗಳೇ. ಬೆಳ್ಳಿ ಬಣ್ಣದ್ದಕ್ಕೆ ನಾಲ್ಕು ಬಾಗಿಲು, ಹಿಂದೆ ಸೀಟು, ದೊಡ್ಡ ಡಿಕ್ಕಿ. ಹಳದಿಯದಕ್ಕೆ ಎರಡೇ ಬಾಗಿಲು, ಎರಡೇ ಸೀಟು. ನಿಂತರೂ ಮಲಗಿದ ಹಾಗೆ ಕಾಣುವಷ್ಟು ತಗ್ಗು. ಭೋಜರಾಜನ ಜೀವವೆಲ್ಲ ಹಳದಿಯ ಮೇಲೆ ಎಂಬುದು ಶೆಟ್ಟರಿಗೆ ಗೊತ್ತಿತ್ತು. ಆದರೂ ಅವನು ತಕ್ಷಣ ಅದನ್ನು ಆರಿಸಲಿಲ್ಲ. ದಿನಾ ಓಡಿಸುವ ಕಾರು, ಹೆಂಡತಿ ಪದ್ದುವನ್ನು ಕೂರಿಸಿ ನೋಡದೆ ಹೇಳುವುದು ಹೇಗೆ ಎಂದ. ಅವನು ಮುಂಬಯಿಯಲ್ಲಿದ್ದಷ್ಟು ಕಾಲ ಊರಿನಲ್ಲೇ ಉಳಿದು ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಪದ್ದುವಿನ ಮೊಣಗಂಟು ಸವೆದಿತ್ತು. ದಿನ ಬಿಟ್ಟು ದಿನ ಕುಂದಾಪುರದ ಆಸ್ಪತ್ರೆಗೆ ಹೋಗಿ ಕಾಲಿಗೆ ಕರೆಂಟು ಕೊಡಿಸಿಕೊಂಡು ಬರಬೇಕಿತ್ತು. ಹಾಗಾದರೆ ಒಂದೊಂದು ಸಲ ಒಂದೊಂದನ್ನು ಒಯ್ದು ನೋಡು ಎಂದರು ಶೆಟ್ಟರು.

ಮೊದಲು ಬೆಳ್ಳಿಯದು. ಪದ್ದು ತಾನಾಗಿಯೇ ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು. ಕೂತವರು ಹಿಂದೆಯೇ ಇರುವುದು ಭೋಜರಾಜನಿಗೂ ರೂಢಿ. ಚತುಷ್ಪಥಕ್ಕೆಂದು ಹೆದ್ದಾರಿಯನ್ನು ಅಗೆದು ಹಾಕಿದ್ದ ಕಾಲ. ತಲ್ಲೂರಿನ ಹೊಂಡಗಳನ್ನು ಕಾರು ನೀರು ಕುಡಿದ ಹಾಗೆ ದಾಟಿತು. ಆಸ್ಪತ್ರೆಯ ಎದುರು ಅವನು ಇಂಜಿನ್ ಆರಿಸುವುದರೊಳಗೆ ಪದ್ದು ಇಳಿದು ಮೆಟ್ಟಿಲ ಹತ್ತಿರ ಹೋಗಿಯಾಗಿತ್ತು. ಬರುವಾಗ ದನಕ್ಕೆ ತೌಡಿನ ಚೀಲ, ಮನೆಗೆ ಅಕ್ಕಿ, ಎಲ್ಲ ಡಿಕ್ಕಿಯಲ್ಲಿ ಹಿಡಿದವು. ಕಾರು ಒಳ್ಳೆಯದಿದೆ ಎಂದಳು, ಅಷ್ಟೇ.

ಹಳದಿಯದರಲ್ಲಿ ಹಿಂದೆ ಕೂರಲು ಜಾಗವೇ ಇರಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಪದ್ದು ಗಂಡ ಓಡಿಸುವ ಗಾಡಿಯಲ್ಲಿ ಅವನ ಪಕ್ಕದಲ್ಲಿ ಕೂತದ್ದು ಅಂದೇ ಮೊದಲು. ಸ್ಟಿಯರಿಂಗ್ ಹಿಡಿದಾಗ ಅವನು ತುಟಿ ಒತ್ತಿಕೊಳ್ಳುವುದನ್ನು ಅವಳು ಆವತ್ತೇ ಕಂಡಳು. ಹಂಪು ಬಂದಲ್ಲೆಲ್ಲ ಅವನು ಕಾರನ್ನು ಓರೆ ಮಾಡಿ, ಉಸಿರು ಹಿಡಿದು ದಾಟಿಸುತ್ತಿದ್ದ. ಆದರೂ ಎರಡು ಕಡೆ ಕಾರಿನ ಹೊಟ್ಟೆ ನೆಲಕ್ಕೆ ಕೆರೆಯಿತು. ಸಣ್ಣ ಹೊಂಡವೂ ಸೊಂಟಕ್ಕೆ ಗೊತ್ತಾಗುತ್ತಿತ್ತು. ತಲ್ಲೂರು ದಾಟಿ ರಸ್ತೆ ಒಂದಿಷ್ಟು ಸಪಾಟಾಗಿ ಸಿಕ್ಕಿದಾಗ ಭೋಜರಾಜ ತಡೆಯಲಾರದೆ ಒಮ್ಮೆ ಆಕ್ಸಿಲರೇಟರ್ ಒತ್ತಿಬಿಟ್ಟ. ಪದ್ದು ಹೆದರಿ ಅವನ ತೋಳು ಹಿಡಿದಳು. ಕಾರು ನಿಧಾನವಾದ ಮೇಲೂ ಬಿಡಲಿಲ್ಲ.

ಕಷ್ಟವಾದದ್ದು ಆಸ್ಪತ್ರೆಯ ಎದುರು. ಸೀಟು ನೆಲದಿಂದ ಎರಡು ಗೇಣು ಮೇಲಿತ್ತೋ ಇಲ್ಲವೋ. ಒಂದು ಕಾಲು ಹೊರಗಿಟ್ಟಳು, ಮೊಣಗಂಟು ಮೇಲಕ್ಕೇಳಲು ಒಪ್ಪಲಿಲ್ಲ. ಭೋಜರಾಜ ಸುತ್ತು ಬಳಸಿ ಬಂದು, ಬಾಗಿಲನ್ನು ಪೂರ್ತಿ ತೆಗೆದು, ಬಗ್ಗಿ ಎಡಗೈ ಕೊಟ್ಟ. ಬಲಗೈಯನ್ನು ಬಾಗಿಲ ಮೇಲಂಚಿಗೆ ಅಡ್ಡ ಹಿಡಿದ. ಪದ್ದು ಏಳುವಾಗ ಅವಳ ತಲೆ ಅವನ ಅಂಗೈಗೆ ತಾಗಿತು. ಅರ್ಧ ಎದ್ದವಳು ಹಾಗೆಯೇ ನಿಂತು ಮೇಲೆ ನೋಡಿದಳು.

"ಆ ಕೈ ಎಂತಕ್ ಅಲ್ಲಿ?"

"ತಲಿಗೆ ಪೆಟ್ಟಾಗ್ದಿರ್ಲಿ ಅಂದೇಳಿ."

ಶೆಟ್ಟರ ಹೆಂಡತಿಗೆ, ಅವರ ಮನೆಗೆ ಬಂದವರಿಗೆ, ಹೋಟೆಲಿನ ಅತಿಥಿಗಳಿಗೆ, ಯಾರೇ ಇಳಿಯಲಿ, ಹಾಗೆ ಹಿಡಿದು ಹಿಡಿದು ಈಗ ಕೈ ತಾನಾಗಿಯೇ ಹೋಗುತ್ತದೆ ಎಂದ. ಪದ್ದು ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಮೆಟ್ಟಿಲು ಹತ್ತುವಾಗ ಒಮ್ಮೆ ತಿರುಗಿ ನೋಡಿದಳು. ಭೋಜರಾಜ ಆಗ ಮಂಡಿಯೂರಿ ಕಾರಿನ ಅಡಿಗೆ ಕೆರೆದ ಜಾಗ ಹುಡುಕುತ್ತಿದ್ದ.

ಸಂಜೆ ಇಬ್ಬರೂ ಬ್ರಹ್ಮಾವರಕ್ಕೆ ಹೋದರು. ಭೋಜರಾಜ ಎಲ್ಲವನ್ನೂ ತೂಗಿ ನೋಡಿದವನ ಹಾಗೆ ವರದಿ ಒಪ್ಪಿಸಿದ. ಪಿಕಪ್ಪು, ಹಿಡಿತ ಹಳದಿಯದೇ ಮೇಲು. ಆದರೆ ಈ ರಸ್ತೆಗೆ ಅದು ಆಗದು, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಸಾಮಾನು ಇಡಲು ಜಾಗವಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಪದ್ದುವಿನ ಕಾಲು. ಬೆಳ್ಳಿಯದೇ ಸರಿ ಎಂದು ಹೇಳಿ, ಹಳದಿ ಕಾರಿನ ಕೀಲಿಯನ್ನು ಜಗಲಿಯ ಮೇಲಿಟ್ಟ. ಇಟ್ಟ ಮೇಲೆ ಆ ಕಡೆ ನೋಡಲಿಲ್ಲ. ಶೆಟ್ಟರು ನೋಡಿದ್ದು ಪದ್ದುವನ್ನು.

"ಮೊಣಗಂಟ್ ನಿಂದ್ ಮಾರಾಯ್ತಿ. ನೀನೇ ಹೇಳ್."

"ಹಳ್ದಿದೇ ಇರ್ಲಿ, ಶೆಟ್ರೆ."

ಭೋಜರಾಜ ಬೆರಗಾದ. ತನಗಾಗಿ ಅವಳು ಹಾಗೆ ಹೇಳುತ್ತಿದ್ದಾಳೆಂದುಕೊಂಡು ಅವಳ ಕಡೆ ತಿರುಗಿದ.

"ನನ್ ಆಸಿಗೆ ನೀನ್ ಕಷ್ಟ ಪಡೂದ್ ಬ್ಯಾಡ. ಬೆಳ್ಳಿದ್ರಲ್ಲಾರೆ ನೀನ್ ಒಬ್ಳೇ ಹತ್ಲಕ್ಕ್, ಒಬ್ಳೇ ಇಳೀಲಕ್ಕ್."

ಪದ್ದು ಜಗಲಿಯಿಂದ ಕೀಲಿ ಎತ್ತಿಕೊಂಡಳು.

"ಒಬ್ಳೇ ಹತ್ತಿ ಒಬ್ಳೇ ಇಳ್ದದ್ದ್ ಸಾಕ್ ನಂಗೆ" ಎಂದು ಅದನ್ನು ಅವನ ಕೈಯಲ್ಲಿಟ್ಟಳು.